ಮಗಳ ಹಾಜರಿ ಅಪ್ಪನ ಮೊಬೈಲಿಗೆ: ಹದಿನೆಂಟು ತುಂಬಿದ ಮೇಲೂ ಬರಬೇಕಾ?

ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ನಿಯಮಗಳನ್ನು ಹೊರಡಿಸಿತು. ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ. ನಿಯಮ ಇಲ್ಲದೆ ಅದು ಎರಡು ವರ್ಷಕ್ಕೂ ಜಾಸ್ತಿ ಕಾಗದದ ಮೇಲೇ ಇತ್ತು. ನಿಯಮ ಬಂದಾಗ ಎಲ್ಲರಿಗೂ ತಯಾರಾಗಲು 18 ತಿಂಗಳ ಸಮಯ ಕೊಟ್ಟರು. ಅಂದರೆ ಕಾಯ್ದೆಯ ಮುಖ್ಯ ಭಾಗ ಪೂರ್ತಿ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.

ಇದೆಲ್ಲ ಬ್ಯಾಂಕು, ಆ್ಯಪ್ ಕಂಪನಿಗಳ ತಲೆನೋವು ಅಂತ ಹೆಚ್ಚಿನವರು ಸುಮ್ಮನಿದ್ದರು. ಆದರೆ ಕಾಲೇಜೂ ಇದರೊಳಗೇ ಬರುತ್ತದೆ. ಮಕ್ಕಳ ಹೆಸರು, ಫೋಟೋ, ಆಧಾರ್, ಜಾತಿ ಪ್ರಮಾಣಪತ್ರ, ಹಾಜರಿ, ಅಂಕ, ಕಟ್ಟಿದ ಮತ್ತು ಕಟ್ಟದ ಫೀಸು ಎಲ್ಲ ಅದರ ಕಂಪ್ಯೂಟರಿನಲ್ಲಿ ಇದೆ. ಮಗು ತರಗತಿಗೆ ಬಾರದ ದಿನ ಅಪ್ಪನ ಮೊಬೈಲಿಗೆ ಮೆಸೇಜ್ ಕಳಿಸುವ ಕಾಲೇಜುಗಳೂ ಇವೆ. ಹಾಗಾಗಿ ಮುಂಬೈಯ ಕನ್ನಡ ಮನೆಗಳಲ್ಲಿ, ಡೊಂಬಿವಲಿಯಿಂದ ಗೋರೆಗಾಂವ್ ತನಕ, ಎರಡು ಮಾತು ಓಡಾಡುತ್ತಿವೆ. ‘ಇನ್ನು ಮೇಲೆ ಮಕ್ಕಳ ಮಾರ್ಕ್ಸ್ ಕೇಳಿದರೆ ಕಾಲೇಜಿನವರು ಹೇಳುವ ಹಾಗಿಲ್ಲವಂತೆ’ ಎಂಬುದು ಒಂದು. ‘ಹೆತ್ತವರ ಒಪ್ಪಿಗೆ ಇಲ್ಲದೆ ಕಾಲೇಜು ಏನೂ ಮಾಡುವ ಹಾಗಿಲ್ಲವಂತೆ’ ಎಂಬುದು ಇನ್ನೊಂದು. ಒಂದಕ್ಕೊಂದು ಉಲ್ಟಾ. ತಮಾಷೆ ಏನೆಂದರೆ, ಎರಡರಲ್ಲೂ ಅರ್ಧರ್ಧ ನಿಜ ಇದೆ. ಯಾವ ಅರ್ಧ ನಿಮಗೆ ಅನ್ವಯ ಎಂಬುದು ಮಗುವಿನ ಹುಟ್ಟಿದ ತಾರೀಖನ್ನು ನೋಡಿ ಹೇಳಬೇಕು.

ಹುಟ್ಟುಹಬ್ಬದ ದಿನ ಏನಾಗುತ್ತದೆ

ಈ ಕಾಯ್ದೆಯಲ್ಲಿ ಎರಡು ಪಾತ್ರಗಳಿವೆ. ಮಾಹಿತಿ ಯಾರ ಬಗ್ಗೆ ಇದೆಯೋ ಅವರು ‘ಡೇಟಾ ಪ್ರಿನ್ಸಿಪಲ್’. ಆ ಮಾಹಿತಿಯನ್ನು ಇಟ್ಟುಕೊಂಡು ಬಳಸುವವರು ‘ಡೇಟಾ ಫಿಡೂಶಿಯರಿ’. ಕಾಲೇಜು ಎರಡನೆಯದು. ಫಿಡೂಶಿಯರಿ ಅಂದರೆ ನಂಬಿ ಕೊಟ್ಟದ್ದನ್ನು ಕಾಯುವವನು. ಒಡೆಯ ಅಲ್ಲ.

ಮೊದಲನೆಯ ಪಾತ್ರದಲ್ಲೇ ಗಂಟು ಇರುವುದು. ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ವಿಷಯದಲ್ಲಿ ‘ಡೇಟಾ ಪ್ರಿನ್ಸಿಪಲ್’ ಎಂಬ ಮಾತಿನ ಒಳಗೆ ತಂದೆ ತಾಯಿಯೂ ಸೇರುತ್ತಾರೆ. ಅಂದರೆ ಹದಿನೇಳರ ಹುಡುಗನ ಮಾಹಿತಿಯ ಬಗ್ಗೆ ಕೇಳಲು, ತಿದ್ದಿಸಲು, ಒಪ್ಪಿಗೆ ಕೊಡಲು ಅಪ್ಪ ಅಮ್ಮ ಅವನ ಜಾಗದಲ್ಲಿ ನಿಂತಿರುತ್ತಾರೆ. ಅವನಿಗೆ 18 ತುಂಬಿದ ದಿನ ಆ ಜಾಗ ಖಾಲಿಯಾಗುತ್ತದೆ. ಮರುದಿನದಿಂದ, ಕಾಲೇಜಿನ ದಾಖಲೆಯ ಮಟ್ಟಿಗೆ, ಅಪ್ಪ ಮೂರನೆಯವರು. ಕೇಳಲು ಕಠೋರ, ಆದರೆ ಕಾನೂನಿನ ಲೆಕ್ಕ ಅಷ್ಟೇ.

ಇದು ಹೊಸದಾಗಿ ಹುಟ್ಟಿದ ಲೆಕ್ಕವೂ ಅಲ್ಲ. 18ಕ್ಕೆ ಪ್ರಾಪ್ತ ವಯಸ್ಸು ಅಂತ 1875ರ ಕಾಯ್ದೆಯೇ ಹೇಳಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹೊಸ ಕಾಯ್ದೆ ಈ ಎರಡನ್ನೂ ಕಾಲೇಜಿನ ಕಂಪ್ಯೂಟರಿನ ತನಕ ತಂದು ಮುಟ್ಟಿಸಿತು. ಜೊತೆಗೆ ದಂಡವನ್ನೂ ಇಟ್ಟಿತು. ಮಾಹಿತಿಯನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿ ತನಕ, ಮಕ್ಕಳ ಮಾಹಿತಿಯ ವಿಷಯದಲ್ಲಿ ತಪ್ಪಿದರೆ 200 ಕೋಟಿ ತನಕ. ಇದು ಮೇಲ್ಮಿತಿ. ಸಣ್ಣ ಕಾಲೇಜಿಗೆ ಯಾರೂ 250 ಕೋಟಿ ಹಾಕಲಾರರು. ಆದರೂ ಆ ಅಂಕೆ ಓದಿದ ಪ್ರಿನ್ಸಿಪಾಲರಿಗೆ ನಿದ್ದೆ ಹತ್ತುವುದು ಕಷ್ಟ, ಅಲ್ವಾ?

ಒಂದೇ ಬೆಂಚು, ಎರಡು ಕಾನೂನು

ಮಹಾರಾಷ್ಟ್ರದಲ್ಲಿ ಹನ್ನೊಂದು, ಹನ್ನೆರಡು ‘ಜೂನಿಯರ್ ಕಾಲೇಜು’. ಹತ್ತು ಮುಗಿಸಿದ ಮಗು ಹದಿನೈದು–ಹದಿನಾರಕ್ಕೇ ‘ಕಾಲೇಜು’ ಎನ್ನಲು ಶುರು ಮಾಡುತ್ತದೆ. ಅದೇ ಕಟ್ಟಡ, ಅದೇ ಗೇಟು, ಹಲವು ಕಡೆ ಅದೇ ಸಾಫ್ಟ್‌ವೇರ್. ಆಮೇಲೆ ಪದವಿಯ ಮೊದಲ ವರ್ಷ, ಇಲ್ಲಿಯವರ ಬಾಯಲ್ಲಿ ‘ಎಫ್‌ವೈ’. ಎಫ್‌ವೈ ಸೇರುವಾಗ ಕೆಲವರಿಗೆ 18 ತುಂಬಿರುತ್ತದೆ, ಕೆಲವರಿಗೆ ಇನ್ನೂ ಆರು ತಿಂಗಳು ಬಾಕಿ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳ ಹಾಜರಿಯನ್ನು ಮನೆಗೆ ಹೇಳಲು ಅವಳ ಒಪ್ಪಿಗೆ ಬೇಕು. ಪಕ್ಕದವಳದ್ದಕ್ಕೆ ಬೇಡ. ಜನವರಿ ಬಂದರೆ ಪಕ್ಕದವಳದ್ದಕ್ಕೂ ಬೇಕು.

ಚಿಕ್ಕವರ ವಿಷಯದಲ್ಲಿ ಕಾಲೇಜಿಗೆ ಒಂದು ರಿಯಾಯಿತಿಯೂ ಇದೆ. ಸಾಮಾನ್ಯವಾಗಿ ಮಕ್ಕಳ ಮಾಹಿತಿ ಬಳಸಲು ಹೆತ್ತವರ ಖಾತ್ರಿಯಾದ ಒಪ್ಪಿಗೆ ಬೇಕು. ಅವರ ಚಲನವಲನದ ಮೇಲೆ ಕಣ್ಣಿಡುವ ಹಾಗಿಲ್ಲ. ಆದರೆ ಶಿಕ್ಷಣ ಸಂಸ್ಥೆಗಳು ಪಾಠಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಮತ್ತು ಮಕ್ಕಳ ಸುರಕ್ಷತೆಗೆ ಅಂಥ ನಿಗಾ ಇಡಬಹುದು ಎಂದು ನಿಯಮಗಳು ವಿನಾಯಿತಿ ಕೊಟ್ಟಿವೆ. 2018ರಲ್ಲಿ ರಾಜ್ಯ ಸರ್ಕಾರ ವಿಜ್ಞಾನ ವಿಭಾಗದ ಜೂನಿಯರ್ ಕಾಲೇಜುಗಳಿಗೆ ಬಯೊಮೆಟ್ರಿಕ್ ಹಾಜರಿ ತಂದಿತ್ತು. ಮಕ್ಕಳು ಕಾಲೇಜಿಗೆ ಹೆಸರು ಕೊಟ್ಟು ಕೋಚಿಂಗ್ ಕ್ಲಾಸಿನಲ್ಲಿ ಕೂರುತ್ತಾರೆ ಎಂಬುದು ಆಗಿನ ದೂರು. ಅಂಥ ವ್ಯವಸ್ಥೆ ಹದಿನಾರರ ಮಕ್ಕಳ ಮಟ್ಟಿಗೆ ಈ ವಿನಾಯಿತಿಯ ಒಳಗೆ ಕೂರಬಹುದು. ಅದೇ ಮೆಷಿನ್ನನ್ನು ಎಫ್‌ವೈ, ಎಸ್‌ವೈ, ಟಿವೈಗೂ (ಪದವಿಯ ಮೂರೂ ವರ್ಷಕ್ಕೆ) ಇಟ್ಟು, ಅದೇ ಮೆಸೇಜನ್ನು ಅದೇ ಅಪ್ಪನ ನಂಬರಿಗೆ ಕಳಿಸುತ್ತಾ ಹೋದರೆ ಮಾತ್ರ ನೆಲ ಬೇರೆ.

ಗೊಂದಲದ ಬೇರು ಇಲ್ಲೇ ಇದೆ. ಸಾಫ್ಟ್‌ವೇರಿಗೆ ಹುಟ್ಟುಹಬ್ಬ ಗೊತ್ತಿಲ್ಲ. ತಾರೀಖು ಅದರೊಳಗೇ ಇದೆ, ಆದರೆ ಆ ದಿನ ಏನಾದರೂ ಬದಲಾಗಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಬಾರಾವಿಯ ತನಕ ಊರಿಗೆಲ್ಲ ಗೊತ್ತು

ಹೆತ್ತವರಿಗೆ ಇದು ಅನ್ಯಾಯ ಅನ್ನಿಸುವುದಕ್ಕೆ ಕಾರಣ ಇದೆ. ಹನ್ನೆರಡನೆಯ ತರಗತಿಯ ತನಕ, ಇಲ್ಲಿ ಎಲ್ಲರೂ ‘ಬಾರಾವಿ’ ಅನ್ನುವುದು, ರಿಸಲ್ಟ್ ಎಂದರೆ ಮನೆಮಂದಿಯ ಆಸ್ತಿ. ಮಹಾರಾಷ್ಟ್ರ ಬೋರ್ಡಿನ ಫಲಿತಾಂಶ ನೋಡಲು ಬೇಕಾದದ್ದು ಎರಡೇ: ಸೀಟ್ ನಂಬರ್ ಮತ್ತು ತಾಯಿಯ ಹೆಸರು. ತಾಯಿಯ ಹೆಸರೇ ಪಾಸ್‌ವರ್ಡ್. ಬಿಲ್ಡಿಂಗಿನಲ್ಲಿ ಆ ಹೆಸರು ಗೊತ್ತಿಲ್ಲದವರು ಯಾರು? ಸೀಟ್ ನಂಬರ್ ಒಂದು ಗೊತ್ತಾದರೆ ಎದುರುಮನೆಯವರೂ ನೋಡಬಹುದು, ಮಂಗಳೂರಿನ ಅತ್ತೆಯೂ ನೋಡಬಹುದು. ನೋಡುತ್ತಾರೆ ಕೂಡ.

ಅದೇ ಹುಡುಗಿ ಎಫ್‌ವೈ ಸೇರುತ್ತಾಳೆ. ಈಗ ವಿಶ್ವವಿದ್ಯಾಲಯದ ಲಾಗಿನ್, ಪಿಆರ್‌ಎನ್ ಎಂಬ ಖಾಯಂ ನೋಂದಣಿ ನಂಬರು, ಅವಳ ಮೊಬೈಲಿಗೆ ಬರುವ ಒಟಿಪಿ. ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳು ಹೋಗಿ ಕೂರುವುದು 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ; ಅದರ ಬಾಗಿಲು ಅವಳದೇ ಡಿಜಿಲಾಕರ್. ಅಂದರೆ ಸರ್ಕಾರ ಕಟ್ಟಿದ ವ್ಯವಸ್ಥೆಯೇ ಬೀಗದ ಕೈಯನ್ನು ವಿದ್ಯಾರ್ಥಿಯ ಕೈಗೆ ಕೊಟ್ಟಿದೆ. ಕಾಲೇಜಿನ ಸಾಫ್ಟ್‌ವೇರು ಮಾತ್ರ ಹಿತ್ತಲ ಬಾಗಿಲಿಗೆ ‘ಪೇರೆಂಟ್ ಲಾಗಿನ್’ ಅಂತ ಹೆಸರಿಟ್ಟು ತೆರೆದೇ ಇಟ್ಟಿದೆ.

ಅಪ್ಪ ಅಮ್ಮ ಕೇಳುವುದರಲ್ಲಿ ತಪ್ಪೇನು?

ಹೆತ್ತವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಫೀಸು ಕಟ್ಟುವವರು ಅವರು. ಎಜುಕೇಶನ್ ಲೋನಿಗೆ ಮಗಳ ಜೊತೆ ಸಹಿ ಹಾಕುವವರು ಅವರು. ಅವಳು ಕೆಟಿ (ಪಾಸಾಗದೆ ಬಾಕಿ ಉಳಿದ ವಿಷಯ) ಮೇಲೆ ಕೆಟಿ ಇಟ್ಟುಕೊಂಡು ವರ್ಷ ಕಳೆದರೂ ಕಂತು ನಿಲ್ಲುವುದಿಲ್ಲ. (ಮುಂಬೈಯಲ್ಲಿ ‘ಫೇಲ್’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಎಟಿಕೆಟಿ ಇದೆ, ಅಂದರೆ ಬಾಕಿ ವಿಷಯ ಹೊತ್ತುಕೊಂಡೇ ಮುಂದಿನ ತರಗತಿಗೆ ಹೋಗುವ ಅವಕಾಶ. ಎರಡು ವರ್ಷ ಮನೆಗೆ ಗೊತ್ತಾಗದಂತೆ ಕೆಟಿ ಸಾಕುವುದು ಇಲ್ಲಿ ಒಂದು ಕಲೆಯೇ ಸರಿ.)

ಹೋಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವ ಅಪ್ಪನಿಗೆ ಮಗನ ಓದಿನ ಬಗ್ಗೆ ಗೊತ್ತಾಗಲು ಆ ಎಸ್‌ಎಂಎಸ್ ಬಿಟ್ಟರೆ ಬೇರೆ ದಾರಿ ಕಡಿಮೆ. ‘ಯುವರ್ ವಾರ್ಡ್ ವಾಸ್ ಆಬ್ಸೆಂಟ್ ಟುಡೇ’ (ನಿಮ್ಮ ಪಾಲನೆಯಲ್ಲಿರುವ ಮಗು ಇವತ್ತು ಬಂದಿಲ್ಲ) ಎಂಬ ಆ ಒಂದು ಸಾಲನ್ನು ಓದಿಸಿಕೊಳ್ಳಲು ಕೌಂಟರಿನ ಹುಡುಗನನ್ನು ಕರೆಯಬೇಕಾದ ಅಪ್ಪಂದಿರೂ ಇದ್ದಾರೆ. ಆಗ ಮಗ ಚಕ್ಕರ್ ಹೊಡೆದ ಸುದ್ದಿ ಮನೆಗಿಂತ ಮೊದಲು ಹೋಟೆಲಿಗೆ ಗೊತ್ತು.

ಇನ್ನೊಂದು ಕಡೆಯೂ ನೆನಪಿಡಬೇಕು. ಈ ಊರಿನ ಕನ್ನಡಿಗರಲ್ಲಿ ಒಂದು ತಲೆಮಾರು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ (ಮುಂಬೈಯ ಫೋರ್ಟ್) ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿತು. ಹದಿಮೂರು ಹದಿನಾಲ್ಕರ ಹುಡುಗರು. ಅವರ ಹಾಜರಿಯನ್ನು ಯಾರೂ ಊರಿಗೆ ಬರೆದು ತಿಳಿಸಲಿಲ್ಲ. ತಮ್ಮ ಓದಿಗೆ ತಾವೇ ಪಾಲಕರಾಗಿದ್ದವರ ಮೊಮ್ಮಕ್ಕಳಿಗೆ ಇಪ್ಪತ್ತರಲ್ಲೂ ‘ವಾರ್ಡ್’ ಎಂಬ ಹೆಸರು ಅಂಟಿಕೊಂಡಿದೆ.

ಕಾಲೇಜಿಗೆ ಇದು ಯಾಕೆ ಬೇಕು

ನನಗೆ ಕಾಣುವಂತೆ, ಹೆತ್ತವರಿಗೆ ಸುದ್ದಿ ಮುಟ್ಟಿಸುವ ಆಸಕ್ತಿ ಹೆತ್ತವರಿಗಿಂತ ಕಾಲೇಜಿಗೇ ಜಾಸ್ತಿ. ಮುಂಬೈ ವಿಶ್ವವಿದ್ಯಾಲಯದಲ್ಲಿ 75 ಶೇಕಡಾ ಹಾಜರಿಯ ನಿಯಮ ಇದೆ. ಅಷ್ಟು ಇಲ್ಲದವರ ಹೆಸರು ‘ಡಿಫಾಲ್ಟರ್ ಲಿಸ್ಟ್’ಗೆ ಹೋಗುತ್ತದೆ. ಸಾಲ ಕಟ್ಟದವರಿಗೆ ಬ್ಯಾಂಕು ಬಳಸುವ ಪದವೇ ಇಲ್ಲೂ. ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಬೀಳುತ್ತದೆ, ಹತ್ತು ನಿಮಿಷದಲ್ಲಿ ಅದರ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ. ಆಮೇಲೆ ‘ಅಪ್ಪ ಅಮ್ಮನನ್ನು ಕರೆದುಕೊಂಡು ಬಾ’.

ಹೀಗೆ ಕರೆಸುವುದರಿಂದ ಕಾಲೇಜಿಗೆ ಎರಡು ಲಾಭ. ಒಂದು, ಪರೀಕ್ಷೆಗೆ ಕೂರಿಸದಿದ್ದಾಗ ‘ನಮಗೆ ಹೇಳಲೇ ಇಲ್ಲ’ ಎಂಬ ಜಗಳ ಬರುವುದಿಲ್ಲ. ಕೋರ್ಟಿಗೆ ಹೋದರೂ ತೋರಿಸಲು ಕಾಗದ ಇರುತ್ತದೆ. ಇನ್ನೊಂದು ಲಾಭವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೂರಿಪ್ಪತ್ತು ಮಂದಿ ಕೂತ ತರಗತಿಯಲ್ಲಿ ಹುಡುಗ ಯಾಕೆ ಬರುತ್ತಿಲ್ಲ ಅಂತ ಕೇಳಲು ಸಮಯ ಬೇಕು, ಜನ ಬೇಕು. ಪಾಠ ನೀರಸವೇ, ಲೋಕಲ್ ಟ್ರೇನಿನ ಎರಡು ಗಂಟೆ ಸುಸ್ತೇ, ಪಾರ್ಟ್‌ಟೈಮ್ ಕೆಲಸವೇ? ಇದನ್ನು ಕೇಳುವ ಬದಲು ಮನೆಗೆ ಒಂದು ಮೆಸೇಜ್ ಕಳಿಸುವುದು ಅಗ್ಗ. ಸಾಫ್ಟ್‌ವೇರು ತಾನಾಗೇ ಕಳಿಸುತ್ತದೆ. ಕಾಲೇಜು ಮಾಡಬೇಕಾದ ಕೆಲಸ ಮನೆಗೆ ಪಾರ್ಸೆಲ್ ಆಗುತ್ತದೆ.

ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗವಾದ ಯುಜಿಸಿಯೂ ಹೆತ್ತವರನ್ನು ದೂರ ಇಟ್ಟಿಲ್ಲ. 2009ರ ರ‍್ಯಾಗಿಂಗ್ ತಡೆ ನಿಯಮಗಳಲ್ಲಿ ವಿದ್ಯಾರ್ಥಿಯ ಜೊತೆ ಹೆತ್ತವರೂ ಅಫಿಡವಿಟ್ ಕೊಡಬೇಕು, ಮಗನಿಗೆ ಇಪ್ಪತ್ತೆರಡಾಗಿದ್ದರೂ. 2015ರ ಸುರಕ್ಷತಾ ಮಾರ್ಗಸೂಚಿ ಪಾಲಕರ ಸಭೆ ನಡೆಸಿ ಎಂದಿತು. ಒಂದು ಕಡೆ ಪ್ರಾಪ್ತ ವಯಸ್ಕ, ಇನ್ನೊಂದು ಕಡೆ ಮುಚ್ಚಳಿಕೆಗೆ ಅಪ್ಪನ ಸಹಿ. ಕಾಲೇಜುಗಳು ಗೊಂದಲದಲ್ಲಿದ್ದರೆ ಅದಕ್ಕೆ ಅವುಗಳನ್ನು ಮಾತ್ರ ಬೈದು ಪ್ರಯೋಜನ ಇಲ್ಲ.

ವಿದ್ಯಾರ್ಥಿ ಮುಚ್ಚಿಡುವುದು ಏನನ್ನು

‘ತಪ್ಪು ಮಾಡದಿದ್ದರೆ ಮುಚ್ಚಿಡುವುದು ಯಾಕೆ’ ಎಂಬುದು ಹಳೇ ಪ್ರಶ್ನೆ. ಉತ್ತರ ಮನೆಮನೆಗೆ ಬೇರೆ. ಕೆಲವು ಮನೆಗಳಲ್ಲಿ ಕಡಿಮೆ ಅಂಕ ಎಂದರೆ ಒಂದು ಸಂಜೆಯ ಬೈಗುಳ. ಇನ್ನು ಕೆಲವು ಕಡೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ‘ಓದು ಸಾಕು, ಗಂಡು ನೋಡೋಣ’ ಎಂಬ ಮಾತಿಗೆ ಅದೇ ನೆಪ. ಅಂಕ ಒಂದೇ, ಅದು ತಲುಪುವ ಮನೆ ಬೇರೆ, ಹಾಗಾಗಿ ಅದು ತರುವ ಪರಿಣಾಮವೂ ಬೇರೆ. ಆ ಮನೆ ಎಂಥದ್ದು ಅಂತ ಕಾಲೇಜಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಅವಳಿಗೆ.

ಹಾಜರಿಯಂತೂ ಬರೀ ಓದಿನ ಲೆಕ್ಕವಲ್ಲ. ಎರಡನೇ ಲೆಕ್ಚರಿಗೆ ಇಲ್ಲ, ನಾಲ್ಕನೆಯದಕ್ಕೆ ಇದ್ದಳು ಎಂಬುದು ಒಬ್ಬ ವಯಸ್ಕ ಹೆಣ್ಣುಮಗಳು ಯಾವ ಹೊತ್ತಿನಲ್ಲಿ ಎಲ್ಲಿದ್ದಳು, ಎಲ್ಲಿರಲಿಲ್ಲ ಎಂಬ ವರದಿ. ಅಂಕಪಟ್ಟಿ ಆರು ತಿಂಗಳಿಗೊಮ್ಮೆ ಬರುತ್ತದೆ. ಇದು ದಿನಕ್ಕೆ ನಾಲ್ಕು ಸಲ. ಎರಡನ್ನೂ ‘ಅಕಾಡೆಮಿಕ್ ಮಾಹಿತಿ’ ಎಂಬ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

ಮಕ್ಕಳು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅಡ್ಮಿಶನ್ ಫಾರ್ಮಿನಲ್ಲಿ ‘ಫಾದರ್ಸ್ ಮೊಬೈಲ್’ ಎಂಬಲ್ಲಿ ತಮ್ಮದೇ ಎರಡನೇ ಸಿಮ್ಮಿನ ನಂಬರು, ಇಲ್ಲವೇ ಗೆಳೆಯನದ್ದು. ಎಸ್‌ಎಂಎಸ್ ಪ್ರತಿದಿನ ಹೋಗುತ್ತಿರುತ್ತದೆ, ಅಪ್ಪ ಮೂರು ವರ್ಷ ನೆಮ್ಮದಿಯಾಗಿರುತ್ತಾರೆ. ಹೊಸ ಕಾಯ್ದೆಯಲ್ಲಿ ಮಾಹಿತಿ ಕೊಡುವವರಿಗೂ ಕೆಲವು ಕರ್ತವ್ಯಗಳಿವೆ. ಬೇರೆಯವರ ಸೋಗು ಹಾಕಬಾರದು ಎಂಬುದು ಅವುಗಳಲ್ಲಿ ಒಂದು, ತಪ್ಪಿದರೆ 10,000 ರೂಪಾಯಿ ತನಕ ದಂಡ. ಗೆಳೆಯನನ್ನು ಅಪ್ಪ ಮಾಡುವುದು ಅದರೊಳಗೆ ಬರುತ್ತದೋ ಇಲ್ಲವೋ, ಮಗಳ ಪಾಸ್‌ವರ್ಡ್ ಹಾಕಿ ಒಳಗೆ ಹೋಗುವ ಅಪ್ಪ ಏನಾಗುತ್ತಾನೋ ಎಂಬುದನ್ನು ಯಾರಾದರೂ ಈ ಕಾಯ್ದೆಯ ದೂರು ಕೇಳುವ ಡೇಟಾ ರಕ್ಷಣಾ ಮಂಡಳಿಯ ಮುಂದೆ ಒಯ್ದ ದಿನ ನೋಡಬೇಕು.

ಅಡ್ಮಿಶನ್ ದಿನದ ಸಹಿ

ಕಾಲೇಜುಗಳು ಕೊಡುವ ಉತ್ತರ ಒಂದೇ: ‘ಫಾರ್ಮಿನಲ್ಲಿ ಸಹಿ ಹಾಕಿದ್ದಾರಲ್ಲ.’ ನಿಜ, ಹಾಕಿರುತ್ತಾರೆ. ಜೂನ್ ತಿಂಗಳ ಮಳೆ, ಕಟ್‌ಆಫ್ ಲಿಸ್ಟಿನ ಗಡಿಬಿಡಿ, ಮಧ್ಯಾಹ್ನ ಮೂರಕ್ಕೆ ಕೌಂಟರ್ ಬಂದ್. ಆ ಹೊತ್ತಿನಲ್ಲಿ ಕೊನೆಯ ಪುಟದ ಸಣ್ಣಕ್ಷರ ಓದಿ ‘ಇದಕ್ಕೆ ನನ್ನ ಒಪ್ಪಿಗೆ ಇಲ್ಲ’ ಎನ್ನುವ ಧೈರ್ಯ ಯಾರಿಗಿದೆ? ಎಂದರೂ ‘ಹಾಗಾದರೆ ಬೇರೆ ಕಾಲೇಜು ನೋಡಿಕೋ’ ಎಂಬ ಉತ್ತರ ಬಂದೀತು ಎಂಬ ಭಯ.

ಹೊಸ ಕಾಯ್ದೆ ಒಪ್ಪಿಗೆಗೆ ಕೊಡುವ ಅರ್ಥ ಇದಕ್ಕೆ ಹೊಂದುವುದಿಲ್ಲ. ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು, ಯಾವ ಕೆಲಸಕ್ಕೆ ಎಂದು ನಿಖರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಆ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟಕ್ಕೆ ಮಾತ್ರ ಅದು ಸಲ್ಲುತ್ತದೆ. ಪಾಠ ಹೇಳಲು, ಪರೀಕ್ಷೆ ನಡೆಸಲು ಹಾಜರಿಯ ಲೆಕ್ಕ ಬೇಕು. ಆ ಲೆಕ್ಕ ಅಪ್ಪನ ಮೊಬೈಲಿಗೆ ಹೋಗದಿದ್ದರೆ ಪಾಠ ನಿಲ್ಲುವುದಿಲ್ಲ. ಅಂದರೆ ಅದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ. ‘ಎಲ್ಲಕ್ಕೂ ಒಪ್ಪಿದ್ದೇನೆ’ ಎಂಬ ಒಂದು ಟಿಕ್ ಸಾಲದು ಎಂದೇ ನನ್ನ ಓದು.

ಕನ್ನಡದವರು ಗಮನಿಸಬೇಕಾದ ಒಂದು ಮಾತು ಇದರಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ ಒಂದರಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಅದರಲ್ಲಿ ಕನ್ನಡವೂ ಇದೆ. ಭಾಂಡುಪಿನ ಜೂನಿಯರ್ ಕಾಲೇಜಿಗೆ ಮಗನನ್ನು ಸೇರಿಸುವ ತಾಯಿ ‘ಇದನ್ನು ಕನ್ನಡದಲ್ಲಿ ಕೊಡಿ’ ಎಂದರೆ ಅದು ಉಪಕಾರ ಕೇಳಿದಂತಲ್ಲ. ಕ್ಲರ್ಕ್ ಹೇಗೆ ನೋಡುತ್ತಾನೆ ಎಂಬುದು ಬೇರೆ ಮಾತು.

ಅಮೆರಿಕದವರು ಗೆರೆ ಎಳೆದದ್ದು ಬೇರೆ ಕಡೆ

ಎಂಎಸ್ ಮಾಡಲು ಮಕ್ಕಳನ್ನು ಕಳಿಸಿದವರಿಗೆ ಇದು ಗೊತ್ತಿರಬಹುದು. ಅಲ್ಲಿ 1974ರಿಂದ ‘ಫೆರ್ಪಾ’ ಎಂಬ ಕಾನೂನಿದೆ. ಶಾಲೆಯ ತನಕ ದಾಖಲೆಯ ಹಕ್ಕು ಹೆತ್ತವರದ್ದು. ಮಗುವಿಗೆ 18 ತುಂಬಿದರೆ, ಅಥವಾ ಕಾಲೇಜಿಗೆ ಕಾಲಿಟ್ಟರೆ, ಹಕ್ಕು ಮಗುವಿಗೆ ದಾಟುತ್ತದೆ. ಈ ‘ಅಥವಾ’ ಮುಖ್ಯ. ಹದಿನೇಳಕ್ಕೇ ಕಾಲೇಜು ಸೇರಿದರೂ ಹಕ್ಕು ಅವನದ್ದೇ. ಒಂದೇ ಬೆಂಚಿಗೆ ಎರಡು ಕಾನೂನು ಎಂಬ ತಾಪತ್ರಯ ಅಲ್ಲಿಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ತೆರಿಗೆ ಲೆಕ್ಕದಲ್ಲಿ ಮಗ ಇನ್ನೂ ಹೆತ್ತವರ ಅವಲಂಬಿತ ಆಗಿದ್ದರೆ ಕಾಲೇಜು ಅವನ ಒಪ್ಪಿಗೆ ಇಲ್ಲದೆಯೂ ಅವರಿಗೆ ತಿಳಿಸಬಹುದು. ‘ತಿಳಿಸಬಹುದು’ ಅಷ್ಟೇ, ತಿಳಿಸಲೇಬೇಕು ಎಂದಿಲ್ಲ. ‘ದುಡ್ಡು ಕೊಡುವವರು ನಾವು’ ಎಂಬ ವಾದಕ್ಕೆ ಅಲ್ಲಿ ಸಿಕ್ಕಿದ ಜಾಗ ಇದು. ನಮ್ಮ ಕಾಯ್ದೆಯಲ್ಲಿ ಫೀಸು ಕಟ್ಟಿದವರು ಎಂಬ ಪಾತ್ರವೇ ಇಲ್ಲ. ಪರವಾಗಿ ಒಂದು ಸಾಲಿಲ್ಲ, ವಿರುದ್ಧವಾಗಿಯೂ ಇಲ್ಲ. ಇಪ್ಪತ್ತು ದಾಟಿದ ಮಕ್ಕಳ ಓದಿಗೂ ಹೆತ್ತವರೇ ದುಡ್ಡು ಹೊಂದಿಸುವ ದೇಶದಲ್ಲಿ ಇದು ದೊಡ್ಡ ಕೊರತೆ.

ಊರಿನ ಅಪ್ಪ, ಮುಂಬೈಯ ಮಾವ

ನಮ್ಮವರಲ್ಲಿ ಇನ್ನೊಂದು ಸಿಕ್ಕು ಇದೆ. ಕುಂದಾಪುರ, ಕಾರ್ಕಳದಿಂದ ಬಂದ ಹುಡುಗ ಮುಂಬೈಯಲ್ಲಿ ಮಾವನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇದ್ದು ಓದುತ್ತಾನೆ. ಫಾರ್ಮಿನಲ್ಲಿ ಮಾವ ‘ಲೋಕಲ್ ಗಾರ್ಡಿಯನ್’. ಮೆಸೇಜ್ ಬರುವುದು ಮಾವನಿಗೆ, ಸಭೆಗೆ ಹೋಗುವುದು ಅತ್ತೆ. ಆದರೆ ಕಾಯ್ದೆ ಹೇಳುವುದು ‘ಕಾನೂನುಬದ್ಧ ಪೋಷಕ’ರ ಬಗ್ಗೆ. ಫಾರ್ಮಿನ ಒಂದು ಕಾಲಮ್ಮಿನಲ್ಲಿ ಹೆಸರು ಬರೆದ ಮಾತ್ರಕ್ಕೆ ಮಾವ ಕಾನೂನುಬದ್ಧ ಪೋಷಕರಾಗುವುದಿಲ್ಲ. ಹದಿನಾರರ ಹುಡುಗನ ವಿಷಯದಲ್ಲೂ ಒಪ್ಪಿಗೆ ಬರಬೇಕಾದ್ದು ಊರಿನ ಅಪ್ಪ ಅಮ್ಮನಿಂದ. ಹುಡುಗನಿಗೆ 18 ತುಂಬಿದರೆ ಮಾವನಿಗೆ ತಿಳಿಸಲು ಹುಡುಗನೇ ಹೂಂ ಅನ್ನಬೇಕು.

ಇನ್ನು ಮಾವ ಆ ಅಂಕಪಟ್ಟಿಯ ಫೋಟೋ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ? ಅಲ್ಲಿ ಕಾಯ್ದೆ ಕೈಚೆಲ್ಲುತ್ತದೆ. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯವೇ ಆಗುವುದಿಲ್ಲ. ಕಾಲೇಜನ್ನು ಹಿಡಿಯುವ ಕಾನೂನಿಗೆ ಮಾವ ಸಿಗುವುದಿಲ್ಲ.

ಜೀವಕ್ಕೆ ಕುತ್ತು ಬಂದಾಗ

ಈ ಚರ್ಚೆಯ ಅತಿ ಕಷ್ಟದ ಭಾಗ ಇದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ರಾಜ್ಯಗಳಲ್ಲಿ ಮಹಾರಾಷ್ಟ್ರದ್ದೇ ಅತಿ ದೊಡ್ಡ ಸಂಖ್ಯೆ. ಇಂಥ ಸುದ್ದಿ ಬಂದಾಗೆಲ್ಲ ಹೆತ್ತವರ ಮೊದಲ ಮಾತು ‘ನಮಗೆ ಒಂದು ಮಾತು ಹೇಳಬಾರದಿತ್ತಾ?’

ಹೇಳಬಹುದಿತ್ತು, ಹೊಸ ಕಾಯ್ದೆಯಲ್ಲೂ ಹೇಳಬಹುದು. ಜೀವಕ್ಕೆ ಅಪಾಯ ಇರುವ ಅಥವಾ ಆರೋಗ್ಯಕ್ಕೆ ತಕ್ಷಣದ ಕುತ್ತು ಇರುವ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇಲ್ಲದೆ ಮಾಹಿತಿ ಬಳಸಬಹುದು ಎಂದು ಏಳನೇ ಕಲಮು ಹೇಳುತ್ತದೆ. ಹಾಸ್ಟೆಲಿನ ವಾರ್ಡನ್ ‘ಡೇಟಾ ಕಾಯ್ದೆ ಇದೆ, ಹಾಗಾಗಿ ಫೋನ್ ಮಾಡಲಿಲ್ಲ’ ಎಂದರೆ ಅದು ಸುಳ್ಳು ನೆಪ.

ಕಷ್ಟ ಇರುವುದು ಅದರ ಒಂದು ಹೆಜ್ಜೆ ಹಿಂದೆ. ಎರಡು ವಾರದಿಂದ ತರಗತಿಗೆ ಬಾರದವನು, ಊಟ ಬಿಟ್ಟವನು. ಇನ್ನೂ ತುರ್ತು ಅಲ್ಲ, ಆದರೆ ಸರಿಯೂ ಇಲ್ಲ. ಆಗ ದಿನಕ್ಕೆ ನಾಲ್ಕು ಮೆಸೇಜ್ ಕಳಿಸುವ ಯಂತ್ರ ಏನೂ ನೆರವಾಗುವುದಿಲ್ಲ. ಮೂರು ವರ್ಷ ಬರುತ್ತಲೇ ಇದ್ದ ಮೆಸೇಜನ್ನು ಅಪ್ಪ ಓದುವುದನ್ನೇ ಬಿಟ್ಟಿರುತ್ತಾರೆ. ಬೇಕಾದ್ದು ಅವನ ಜೊತೆ ಕೂತು ಮಾತಾಡಿ, ‘ಮನೆಗೆ ಹೇಳೋಣವಾ, ಯಾರಿಗೆ ಹೇಳೋಣ’ ಅಂತ ಕೇಳುವ ಒಬ್ಬ ಮನುಷ್ಯ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಇರಬೇಕು ಎಂದು ಹೇಳಿತು. ಅದೇ ಆದೇಶದಲ್ಲಿ, ಎಲ್ಲರೆದುರು ವಿದ್ಯಾರ್ಥಿಗಳ ಮಾನ ಕಳೆಯುವುದನ್ನು ಆದಷ್ಟು ಬಿಡಿ ಎಂದೂ ಹೇಳಿತು. ನೋಟಿಸ್ ಬೋರ್ಡಿನ ಡಿಫಾಲ್ಟರ್ ಲಿಸ್ಟನ್ನು ಆ ಸಾಲಿನ ಪಕ್ಕ ಇಟ್ಟು ನೋಡಿ.

ಆರ್‌ಟಿಐ ಹಾಕಿದರೆ?

ಸಿಗುವುದು ಕಷ್ಟ. 2011ರಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷೆ ಬರೆದವರು ತಮ್ಮ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ನೋಡಬಹುದು ಎಂದಿತು. ಆದರೆ ಅದು ಬರೆದವರ ಹಕ್ಕು, ಬರೆದವರ ಅಪ್ಪನದ್ದಲ್ಲ. ಡೇಟಾ ಕಾಯ್ದೆ ಆರ್‌ಟಿಐಯ 8(1)(ಜೆ) ಕಲಮನ್ನೂ ಬದಲಾಯಿಸಿತು. ವೈಯಕ್ತಿಕ ಮಾಹಿತಿ ಎಂದಾದರೆ ಅಧಿಕಾರಿ ಅಷ್ಟನ್ನೇ ಹೇಳಿ ಅರ್ಜಿ ತಿರಸ್ಕರಿಸಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂಬ ಇನ್ನೊಂದು ಕಲಮು ಉಳಿದಿದೆ, ಆದರೆ ಮಗನ ಕೆಟಿಯಲ್ಲಿ ಸಾರ್ವಜನಿಕ ಹಿತ ತೋರಿಸುವುದು ಯಾರಿಂದಲೂ ಆಗದು.

ಮುಂದಿನ ಅಡ್ಮಿಶನ್‌ಗಳು

ಮುಂಬೈ ವಿಶ್ವವಿದ್ಯಾಲಯದ ವ್ಯಾಪ್ತಿ ಇಲ್ಲಿಂದ ಸಿಂಧುದುರ್ಗದ ತನಕ. ಕಾಲೇಜುಗಳು ಎಂಟುನೂರಕ್ಕೂ ಜಾಸ್ತಿ. ಎಲ್ಲವೂ ಒಂದೇ ರೀತಿ ನಡೆದುಕೊಳ್ಳಲಾರವು. ದೊಡ್ಡ ಕಾಲೇಜುಗಳು ವಕೀಲರನ್ನು ಹಿಡಿದು ಫಾರ್ಮ್ ಬದಲಿಸಬಹುದು. ಕೆಲವು ಭಯಕ್ಕೆ ಎಲ್ಲವನ್ನೂ ಮುಚ್ಚಿ, ಹದಿನಾರರ ಮಗುವಿನ ತಾಯಿಗೂ ‘ಹೇಳುವ ಹಾಗಿಲ್ಲ’ ಎನ್ನಬಹುದು. ಅದು ಕಾನೂನಲ್ಲ, ಅತಿ ಜಾಣತನ. ಹೆಚ್ಚಿನವು ಫಾರ್ಮಿನಲ್ಲಿ ಇನ್ನೊಂದು ಟಿಕ್ ಸೇರಿಸಿ ಕೈತೊಳೆದುಕೊಳ್ಳುತ್ತವೆ ಎಂಬುದು ನನ್ನ ಅಂದಾಜು.

ಸಾಫ್ಟ್‌ವೇರ್ ಕಂಪನಿಯ ತಪ್ಪಿಗೂ ಉತ್ತರ ಕೊಡಬೇಕಾದ್ದು ಕಾಲೇಜೇ. 2023ರಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) 90 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಹಾಲ್ ಟಿಕೆಟ್ ಟೆಲಿಗ್ರಾಮಿನಲ್ಲಿ ಹರಿದಾಡಿದ್ದು ನೆನಪಿರಬಹುದು. ಅಂಥದ್ದು ಕಾಲೇಜಿನಲ್ಲಿ ಆದರೆ ಮಾಹಿತಿ ಸೋರಿದವರಿಗೆಲ್ಲ ತಿಳಿಸುವ ಹೊಣೆ ಅದರದ್ದೇ. ಆದರೆ ದಂಡದ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ. ಮಾನ ಹೋದ ಹುಡುಗಿಗೆ ಈ ಕಾಯ್ದೆಯಡಿ ಪರಿಹಾರ ಅಂತ ಒಂದು ಪೈಸೆಯೂ ಇಲ್ಲ.

ಸರಿಯಾದ ಫಾರ್ಮ್ ಹೇಗಿರಬೇಕು ಎಂಬುದು ಅಷ್ಟೇನೂ ದೊಡ್ಡ ಒಗಟಲ್ಲ. ಸೆಮಿಸ್ಟರ್ ಫಲಿತಾಂಶ ಯಾರಿಗೆ, ದಿನದ ಹಾಜರಿ ಯಾರಿಗೆ, ಫೀಸಿನ ಬಾಕಿ ಯಾರಿಗೆ, ತುರ್ತಿನಲ್ಲಿ ಮೊದಲ ಫೋನ್ ಯಾರಿಗೆ ಎಂದು ಬೇರೆ ಬೇರೆ ಸಾಲು. ಪ್ರತಿ ಸಾಲಿಗೂ ಹೌದು, ಬೇಡ. ಫೀಸಿನ ಬಾಕಿ ಅಪ್ಪನಿಗೆ, ತುರ್ತಿನ ಫೋನ್ ಅಕ್ಕನಿಗೆ, ಹಾಜರಿ ಯಾರಿಗೂ ಬೇಡ ಎಂದು ಒಬ್ಬಳು ಬರೆದರೆ ಅದು ನಡೆಯಬೇಕು. ಎಫ್‌ವೈಯ ನಡುವೆ 18 ತುಂಬುವವರಿಗೆ ಆ ವಾರವೇ ಫಾರ್ಮ್ ಮತ್ತೆ ಹೋಗಬೇಕು. ಹೆಚ್ಚಿನ ಮಕ್ಕಳು ಹೆಚ್ಚಿನ ಸಾಲುಗಳಿಗೆ ಹೌದು ಎಂದೇ ಬರೆಯಬಹುದು. ಕೇಳಿದರೆ ಹೇಳುವವರು ಕೇಳದೆ ಹೇಳಿಸಿದಾಗ ಮುಚ್ಚಿಡುತ್ತಾರೆ.

ಫಾರ್ಮ್ ನಿಜವಾದದ್ದೋ ತೋರಿಕೆಯದ್ದೋ ಎಂದು ತಿಳಿಯಲು ಒಂದು ಜಾಗ ನೋಡಿದರೆ ಸಾಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು, ಆ ದಾರಿ ಕೊಟ್ಟಷ್ಟೇ ಸುಲಭ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಮೊಬೈಲಿನಲ್ಲಿ ಒಂದು ಟಿಕ್ ಹಾಕಿ ಕೊಟ್ಟದ್ದನ್ನು ಮೊಬೈಲಿನಲ್ಲೇ ಒಂದು ಟಿಕ್ ತೆಗೆದು ಹಿಂಪಡೆಯುವಂತಿದ್ದರೆ ಕಾಲೇಜು ಕಾನೂನು ಓದಿದೆ ಎಂದರ್ಥ. ‘ಅರ್ಜಿ ಬರೆದು, ಅಪ್ಪನ ಸಹಿ ಹಾಕಿಸಿ, ಎರಡನೇ ಮಹಡಿಯ ಆಫೀಸಿಗೆ ತಂದುಕೊಡು’ ಎಂದರೆ ಓದಿಲ್ಲ.